ಸೋಮವಾರದ ಇಸ್ತ್ರಿ

ಪೆಟ್ಟಿಗೆಯ ಮೇಲಿದ್ದ ಹೆಸರು ಓದಿದ ಕೂಡಲೇ ನನಗೆ ಖುಷಿಯಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ ಕೆಲಸವನ್ನಷ್ಟೇ ಕೇಳಿದವರು ನನ್ನನ್ನು ದೊಡ್ಡ ಸಜ್ಜನನೆಂದು ತಿಳಿದುಬಿಡುವ ಅಪಾಯವಿದೆ.

ಪೆಟ್ಟಿಗೆಯಲ್ಲಿದ್ದವು ಬುಲೆಟ್‌ಪ್ರೂಫ್ ಜಾಕೆಟ್‌ಗಳು. ತಯಾರಿಸಿದ್ದು ಮೆಲ್ಬರ್ನ್‌ನ ಒಂದು ಕಂಪನಿ, ಕೊಳ್ಳುತ್ತಿದ್ದದ್ದು ಪಶ್ಚಿಮ ಆಫ್ರಿಕಾದ ಒಂದು ದೇಶದ ಜಾಂಡರ್ಮರಿ. ಗುಂಡು ಹೊಡೆದು ನೋಡಿ, ತಡೆಯುತ್ತವೋ ಇಲ್ಲವೋ ಎಂದು ಹೇಳುವುದು ನಮ್ಮ ಲ್ಯಾಬ್‌ನ ಕೆಲಸ. ಲ್ಯಾಬ್‌ನ ಆಫೀಸು ಸಿಡ್ನಿಯಲ್ಲಿದೆ, ಗುಂಡು ಹೊಡೆಯುವ ರೇಂಜ್ ಮೆಲ್ಬರ್ನ್‌ನ ಹೊರವಲಯದಲ್ಲಿ. ಮಾಲು ಮೊದಲು ಸಿಡ್ನಿಗೆ ಬರುತ್ತದೆ. ತೂಕ, ಹೊಲಿಗೆ, ಪದರಗಳನ್ನೆಲ್ಲ ನೋಡಿ ಆದ ಮೇಲೆ ನಾನು ಅದರ ಹಿಂದೆ ಮೆಲ್ಬರ್ನ್‌ಗೆ ಹೋಗುತ್ತೇನೆ.

ಜಾಂಡರ್ಮರಿ ಎಂಬುದಕ್ಕೆ ನಮ್ಮ ದೇಶದಲ್ಲಿ ಸರಿಯಾದ ಜೋಡಿ ಇಲ್ಲ. ಮಾಡುವುದು ಪೊಲೀಸರ ಕೆಲಸ, ಇರುವುದು ಸೈನ್ಯದ ಶಿಸ್ತಿನಲ್ಲಿ. ಪಟ್ಟಣಗಳು ಪೊಲೀಸರಿಗೆ, ಹಳ್ಳಿ, ಹೆದ್ದಾರಿ, ಗಣಿ, ಗಡಿ ಇವರಿಗೆ. ರಸ್ತೆಗೆ ಅಡ್ಡಲಾಗಿ ಎರಡು ಎಣ್ಣೆ ಡ್ರಮ್ಮು ಇಟ್ಟು ಹಗ್ಗ ಕಟ್ಟಿದರೆ ಅಲ್ಲಿಗೆ ಒಂದು ಠಾಣೆ ಆಯಿತು. ಆ ಹಗ್ಗ ಇಳಿಯುವವರೆಗೆ ಆ ರಸ್ತೆಗೆ ಅವರೇ ಸರ್ಕಾರ, ಅವರೇ ಕೋರ್ಟು.

ಆಸ್ಟ್ರೇಲಿಯಾಕ್ಕೆ ಬರುವ ಮೊದಲು ಆ ದೇಶದ ಚಿನ್ನದ ಗಣಿಯೊಂದರಲ್ಲಿ ನಾನು ಸಿಡಿಮದ್ದಿನ ಎಂಜಿನಿಯರ್ ಆಗಿದ್ದೆ. ನನಗೊಬ್ಬ ಡ್ರೈವರ್ ಇದ್ದ. ನನ್ನದೇ ವಯಸ್ಸು. ನನಗೆ ಬರುವ ಹರಕುಮುರುಕು ಫ್ರೆಂಚ್ ಅವನು ಜೀಪಿನಲ್ಲಿ ಕಲಿಸಿದ್ದು. ಅವನ ಹೆಂಡತಿ ಶೇಂಗಾ ಅರೆದು ಮಾಡಿದ ಸಾರು ಕಳಿಸುತ್ತಿದ್ದಳು. ರೊಟ್ಟಿಯ ಜೊತೆ ಶೇಂಗಾ ಹಿಂಡಿ ತಿಂದು ಬೆಳೆದ ಹುಬ್ಬಳ್ಳಿಯವನಿಗೆ ಅದು ಹೆಚ್ಚುಕಡಿಮೆ ಮನೆಯ ಊಟವೇ. ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಗಣಿಗೆ ವಾಪಸಾಗುವಾಗ ಠಾಣೆಯೊಂದರಲ್ಲಿ ತಡೆದರು. ಹಿಂದಿದ್ದ ಉಪಕರಣದ ಪೆಟ್ಟಿಗೆ ತೆರೆಯಲು ಹೇಳಿದರು. ಅದಕ್ಕೆ ಗಣಿಯ ಅನುಮತಿ ಬೇಕು, ಬೀಗದ ಕೈ ನಮ್ಮ ಹತ್ತಿರ ಇಲ್ಲ ಎಂದು ಡ್ರೈವರ್ ಹೇಳಿದ. ಅವನು ಎದುರು ಮಾತಾಡಿದ ಎಂದಾಯಿತು.

ನನ್ನ ಬೂಟು ಬಿಚ್ಚಿಸಿ ಬಿಸಿಲಿನಲ್ಲಿ ಕೆಂಪು ಮಣ್ಣಿನ ಮೇಲೆ ಕೂರಿಸಿದರು. ವಿದೇಶೀಯನಾದ್ದರಿಂದ ನನ್ನನ್ನು ಮುಟ್ಟಲಿಲ್ಲ. ಅವನನ್ನು ಬಂದೂಕಿನ ಹಿಡಿಯಿಂದ ಬೆನ್ನಿಗೆ, ಸೊಂಟಕ್ಕೆ ಹೊಡೆದರು. ದಣಿವಾದಾಗ ನಿಲ್ಲಿಸಿ ನೀರು ಕುಡಿದು ಮತ್ತೆ ಹೊಡೆದರು. ಪಕ್ಕದಲ್ಲೇ ಬೇವಿನ ಮರದ ಕೆಳಗೆ ಒಂದು ಮೇಜು. ಅಲ್ಲಿ ಇನ್ನೊಬ್ಬ ಜಾಂಡರ್ಮ್ ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಬುಲೆಟ್‌ಪ್ರೂಫ್ ಜಾಕೆಟ್‌ಗಳಿಗೆ ಇಸ್ತ್ರಿ ಹಾಕುತ್ತಿದ್ದ. ಗಂಜಿನೀರನ್ನು ಬಾಯಿಗೆ ತುಂಬಿಕೊಂಡು ಜಾಕೆಟ್ ಮೇಲೆ ಉಗಿಯುವುದು, ಒತ್ತಿ ಎಳೆಯುವುದು, ತಂತಿಗೆ ನೇತುಹಾಕುವುದು. ಅಷ್ಟು ಹೊತ್ತೂ ಅವನು ಒಂದು ಸಲವಾದರೂ ತಲೆಯೆತ್ತಿ ನೋಡಲಿಲ್ಲ. ಹೊಡೆದವರ ಮುಖ ನನಗೆ ಮರೆತಿದೆ. ಇಸ್ತ್ರಿ ಹಾಕುತ್ತಿದ್ದವನ ನೆತ್ತಿ ಇವತ್ತಿಗೂ ನೆನಪಿದೆ.

ಡ್ರೈವರ್ ಆ ವಾರವೇ ಜಿಲ್ಲಾ ಆಸ್ಪತ್ರೆಯಲ್ಲಿ ಸತ್ತ. ಮೂತ್ರಪಿಂಡಗಳು ಹೋಗಿದ್ದವು. ಗಣಿಯ ಮ್ಯಾನೇಜರ್ ಆ ಜಿಲ್ಲೆಯ ಜಾಂಡರ್ಮರಿ ಕಮಾಂಡರನ ಹತ್ತಿರ ದೂರು ಕೊಂಡೊಯ್ದರು. ಅಂಥ ಘಟನೆ ನಡೆದೇ ಇಲ್ಲ ಎಂದು ಉತ್ತರ ಬಂತು. ನಾನು ಕೆಲಸ ಬಿಟ್ಟು ಬಂದೆ. ಅವನ ಹೆಂಡತಿಗೆ ಆಗಾಗ ಫೋನ್ ಮಾಡುವುದನ್ನು ಮಾತ್ರ ಬಿಡಲಿಲ್ಲ.

ಈಗ ಆ ಪಡೆಯ ಜಾಕೆಟ್ ನನ್ನ ಮೇಜಿನ ಮೇಲೆ ಬಿದ್ದಿತ್ತು. ಖುಷಿಯಾಗದೆ ಏನಾದೀತು? ಏನು ಮಾಡಬಹುದೆಂದು ಆಗ ಗೊತ್ತಿರಲಿಲ್ಲ. ಒಂದು ತಪ್ಪು ಸಿಕ್ಕಿದರೆ ಸಾಕು, ಆರ್ಡರನ್ನೇ ತಲೆಕೆಳಗು ಮಾಡುತ್ತೇನೆ ಎಂದು ಹಲ್ಲು ಕಡಿದುಕೊಂಡೇ ಕತ್ತರಿ ಎತ್ತಿಕೊಂಡೆ.

ಜಾಕೆಟ್ಟಿನ ಒಳಗೆ ಎದೆಗೊಂದು ಬೆನ್ನಿಗೊಂದು ಜೇಬು ಇರುತ್ತದೆ. ಗುಂಡು ತಡೆಯುವ ಪ್ಯಾನಲ್ ಕೂರುವುದು ಆ ಜೇಬಿನಲ್ಲಿ. ಹೊರಗಿನ ಬಟ್ಟೆ ಬರೀ ಚೀಲ. ಒಂದು ಪ್ಯಾನಲ್ಲಿನ ಕವಚ ಕತ್ತರಿಸಿದೆ. ಒಳಗೆ ಅರಾಮಿಡ್ ಎಂಬ ಗಟ್ಟಿ ನೂಲಿನ ಹಳದಿ ಪದರ ಇರುತ್ತದೆಂದುಕೊಂಡಿದ್ದೆ. ಆ ದೇಶದಲ್ಲಿ ಹಿಂದೆ ಇದ್ದದ್ದು ಅದೇ. ಬಂದದ್ದು ಬಿಳಿಯ, ರೇಷ್ಮೆಯ ಹಾಗೆ ಜಾರುವ ಪಾಲಿಎಥಿಲೀನ್ ಹಾಳೆಗಳು. ಒಳ್ಳೆಯ ಮಾಲು. ಅರಾಮಿಡ್‌ಗಿಂತ ಎಷ್ಟೋ ಹಗುರ, ನೀರಿಗೆ ಹೆದರುವುದಿಲ್ಲ, ಗುಂಡನ್ನು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಇರುವುದು ಒಂದೇ ಶತ್ರು, ಬಿಸಿ. ಅರಾಮಿಡ್ ಬೆಂಕಿಗೂ ಜಗ್ಗುವುದಿಲ್ಲ. ಇದು ಕಾದ ಕಬ್ಬಿಣದ ಕೆಳಗೆ ಮೆತ್ತಗಾಗಿ, ಎಳೆಗಳು ಕುಗ್ಗಿ, ಆಮೇಲೆ ನೋಡಲು ಇದ್ದ ಹಾಗೇ ಇದ್ದರೂ ತಾಕತ್ತು ಕಳೆದುಕೊಳ್ಳುತ್ತದೆ.

ಕತ್ತರಿ ಕೆಳಗಿಟ್ಟೆ. ಬೇವಿನ ಮರದ ಕೆಳಗಿನ ಮೇಜು ಕಣ್ಣಮುಂದೆ ಬಂತು.

ಜಾಕೆಟ್ಟಿನ ಒಳಗೆ ಎಚ್ಚರಿಕೆಯ ಪಟ್ಟಿ ಇತ್ತು, ಫ್ರೆಂಚ್‌ನಲ್ಲಿ: ಒಗೆಯುವ, ಇಸ್ತ್ರಿ ಹಾಕುವ ಮುನ್ನ ಪ್ಯಾನಲ್ ಹೊರತೆಗೆಯಿರಿ. ಆದರೆ ಆ ಪಡೆಯಲ್ಲಿ ಪ್ಯಾನಲ್ ಹೊರಬರುವುದಿಲ್ಲ ಎಂದು ಡ್ರೈವರ್ ಹೇಳಿ ನನಗೆ ಗೊತ್ತಿತ್ತು. ಪ್ಯಾನಲ್ ಕದ್ದು ಮಾರುತ್ತಾರೆಂದು ಉಗ್ರಾಣದವರು ಜಾಕೆಟ್ ಕೊಡುವಾಗಲೇ ಜೇಬಿನ ಬಾಯನ್ನು ದಪ್ಪ ದಾರದಲ್ಲಿ ಹೊಲಿದುಬಿಡುತ್ತಾರೆ. ಹೊಲಿಗೆ ಬಿಚ್ಚಿದವನಿಗೆ ಶಿಕ್ಷೆ. ಸೋಮವಾರ ಬೆಳಿಗ್ಗೆ ಧ್ವಜ ಏರಿಸುವಾಗ ಜಾಕೆಟ್ ಮುದುರಿದ್ದರೂ ಶಿಕ್ಷೆ. ಹಾಗಾಗಿ ಇಡೀ ಜಾಕೆಟ್ಟಿಗೇ ಇಸ್ತ್ರಿ, ಪ್ರತಿ ಭಾನುವಾರ. ಅರಾಮಿಡ್ ಇದ್ದ ಕಾಲದಲ್ಲಿ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ನಮ್ಮ ಪರೀಕ್ಷಾ ನಿಯಮದಲ್ಲಿ ಒದ್ದೆ ಮಾಡುವುದಿದೆ, ಸೆಕೆಯಲ್ಲಿ ಇಡುವುದಿದೆ, ಉರುಳಿಸಿ ಕುಲುಕುವುದಿದೆ. ಇಸ್ತ್ರಿ ಇಲ್ಲ. ಬುಲೆಟ್‌ಪ್ರೂಫ್ ಜಾಕೆಟ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವ ಜನ ಇದ್ದಾರೆಂದು ನಿಯಮ ಬರೆದವರಿಗೆ ಹೊಳೆಯುವುದು ಹೇಗೆ? ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವುದೂ ಇದನ್ನೇ: ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಬಳಸುವವನು ಹೇಗೆ ಬಳಸುತ್ತಾನೆಂಬುದು ನಿನ್ನ ತಲೆನೋವಲ್ಲ. ಅಂದರೆ ನಾನು ಏನೂ ಮಾಡಬೇಕಾಗಿರಲಿಲ್ಲ. ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿ, ಪ್ರಾಮಾಣಿಕವಾಗಿ ಪಾಸು ಮಾಡಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಉಳಿದದ್ದನ್ನು ಅವರೇ ತಮ್ಮ ಕೈಯಾರೆ, ಭಾನುವಾರ ಭಾನುವಾರ ಮಾಡಿಕೊಳ್ಳುತ್ತಾರೆ. ಇಷ್ಟು ಸೊಗಸಾದ ಸೇಡು ಯಾರಿಗಾದರೂ ಸಿಕ್ಕೀತೇ ಎಂದು ಆ ದಿನ ಊಟದ ಹೊತ್ತಿನಲ್ಲಿ ಒಬ್ಬನೇ ನಕ್ಕೆ.

ಮೆಲ್ಬರ್ನ್‌ಗೆ ಹೋದಾಗಲೆಲ್ಲ ನಾನು ಗ್ಲೆನ್ ವೇವರ್ಲಿಯ ಅಕ್ಕನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ. ಭಾವ ಮೈಸೂರಿನವರು, ನಿವೃತ್ತ ಡಾಕ್ಟರು. ಅಲ್ಲಿಂದ ರೇಂಜ್‌ಗೆ ಕಾರಿನಲ್ಲಿ ಹೋಗಬೇಕು. ಈ ಸಲ ಪರೀಕ್ಷೆ ನೋಡಲು ಆ ದೇಶದಿಂದ ಒಬ್ಬ ಕರ್ನಲ್ಲೇ ಬಂದಿದ್ದ, ಜೊತೆಗೆ ಇಂಗ್ಲಿಷ್ ಬಲ್ಲ ಕಿರಿಯ ಅಧಿಕಾರಿ. ನಾನು ರಾಕ್ಷಸನನ್ನು ನಿರೀಕ್ಷಿಸಿದ್ದೆ. ಬಂದವನು ಸಣಕಲು ದೇಹದ, ಮೃದು ಮಾತಿನ ಮನುಷ್ಯ. ಚಹಾ ಬಂದರೆ ಮೊದಲು ಗುಂಡು ಹೊಡೆಯುವ ರೇಂಜ್ ಆಫೀಸರನಿಗೆ ಬಗ್ಗಿಸಿ ಕೊಟ್ಟು ಆಮೇಲೆ ತಾನು ಕುಡಿಯುವವನು. ಅದಕ್ಕೂ ನನಗೆ ಸಿಟ್ಟು ಬಂತು.

ಪರೀಕ್ಷೆ ಮೊದಲ ದಿನವೇ ಕೈಕೊಟ್ಟಿತು. ಜಾಕೆಟ್ಟನ್ನು ಜೇಡಿಮಣ್ಣಿನ ಗಟ್ಟಿಯೊಂದರ ಮೇಲೆ ಕಟ್ಟಿ ಗುಂಡು ಹೊಡೆಯುತ್ತೇವೆ. ಗುಂಡು ಪ್ಯಾನಲ್ ದಾಟದಿದ್ದರೂ ಹಿಂದಿನ ಮಣ್ಣಿನಲ್ಲಿ ಗುಳಿ ಬೀಳುತ್ತದೆ. ಗುಳಿ ಆಳವಾದಷ್ಟು ತೊಟ್ಟವನ ಪಕ್ಕೆಲುಬಿಗೆ ಪೆಟ್ಟು. ಮಣ್ಣು ತಕ್ಕಷ್ಟು ಬೆಚ್ಚಗಿದೆಯೇ ಎಂದು ನೋಡಲು ಮೊದಲು ಒಂದು ಉಕ್ಕಿನ ಗುಂಡನ್ನು ಮೇಲಿಂದ ಬೀಳಿಸಿ ಆಳ ಅಳೆಯಬೇಕು. ಮೆಲ್ಬರ್ನ್‌ನ ಚಳಿಗೆ ಮಣ್ಣು ಕಲ್ಲಾಗಿತ್ತು. ಒಲೆಯಲ್ಲಿಟ್ಟು ಕಾಯಿಸಿದೆವು, ಅತಿಯಾಯಿತು. ಆರಿಸಿ ಮತ್ತೆ ಕಾಯಿಸಿದೆವು. ಮಣ್ಣು ಹದಕ್ಕೆ ಬಂದ ಮೇಲೆ ಗುಂಡಿನ ವೇಗ ನಿಗದಿಗಿಂತ ಕಡಿಮೆ ಬಂದು ಕೆಲವು ಹೊಡೆತಗಳು ಲೆಕ್ಕಕ್ಕೆ ಬಾರದೆ ಹೋದವು. ಕಂಪನಿಯ ಮ್ಯಾನೇಜರ್ ಗಡಿಯಾರ ನೋಡುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದ. ನಾನು ಒಂದಿಷ್ಟೂ ಅವಸರ ಮಾಡಲಿಲ್ಲ. ಈ ಪರೀಕ್ಷೆಯಲ್ಲಿ ಯಾರೂ ಬೆರಳು ತೋರಿಸುವಂತಿರಬಾರದು ಎಂಬುದು ನನ್ನ ಹಟವಾಗಿತ್ತು.

ಮಣ್ಣು ಕಾಯುವ ಹೊತ್ತಿನಲ್ಲಿ ಕರ್ನಲ್ ಜೊತೆ ಹರಟೆ ಹೊಡೆದೆ. ಬೇಕೆಂದೇ ಹೊಡೆದೆ. ಪ್ಯಾನಲ್‌ಗಳು ಕಳುವಾಗುವುದುಂಟೇ ಎಂದು ಕೇಳಿದೆ. ಹಿಂದೆ ಆಗುತ್ತಿತ್ತು, ಈಗ ಉಗ್ರಾಣದಲ್ಲೇ ಜೇಬು ಹೊಲಿದು ಕೊಡುತ್ತೇವೆ ಎಂದ. ನಿಮ್ಮವರು ಬಹಳ ಶಿಸ್ತಾಗಿ ಬಟ್ಟೆ ತೊಡುತ್ತಾರೆಂದು ಕೇಳಿದ್ದೇನೆ ಎಂದೆ. ಅವನ ಮುಖ ಅರಳಿತು. ಸೋಮವಾರದ ಧ್ವಜವಂದನೆಗೆ ಒಂದು ಸುಕ್ಕು ಕಂಡರೂ ತಾನು ಬಿಡುವವನಲ್ಲ, ಚಿನ್ನದ ಗಣಿಗಳ ಜಿಲ್ಲೆಯಲ್ಲಿ ಕಮಾಂಡರ್ ಆಗಿದ್ದಾಗಲೇ ಆ ಪದ್ಧತಿಯನ್ನು ಬಿಗಿ ಮಾಡಿದ್ದು ತಾನೇ ಎಂದ. ಯಾವ ಜಿಲ್ಲೆ, ಯಾವ ಕಾಲ ಎಂದು ಕೇಳಿದೆ. ಹೇಳಿದ.

ಅಂಥ ಘಟನೆ ನಡೆದೇ ಇಲ್ಲ ಎಂದು ಉತ್ತರ ಕಳಿಸಿದ ಕಮಾಂಡರ್ ನನ್ನ ಮುಂದೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅಲ್ಲಿಯವರೆಗೆ ನನ್ನೊಳಗೆ ಎಲ್ಲೋ ಒಂದಿಷ್ಟು ಅಳುಕಿತ್ತು, ಆ ಕ್ಷಣಕ್ಕೆ ಅದೂ ಹೋಯಿತು. ಹೊಲಿದುಕೋ, ಇಸ್ತ್ರಿ ಹಾಕಿಸು, ಒಂದು ಸುಕ್ಕೂ ಬಿಡಬೇಡ ಎಂದು ಮನಸ್ಸಿನಲ್ಲೇ ಹೇಳಿದೆ. ಇನ್ನೊಂದು ಬಿಸ್ಕತ್ತನ್ನು ಅವನ ಕಡೆಗೆ ನಾನೇ ಸರಿಸಿದೆ.

ಜಾಕೆಟ್‌ಗಳೆಲ್ಲ ಪಾಸಾದವು. ಎಲ್ಲ ಗುಂಡುಗಳನ್ನೂ ಹಿಡಿದವು, ಗುಳಿಗಳೆಲ್ಲ ಮಿತಿಯೊಳಗೆ. ಅಳತೆಗಳಿಗೆ ಸಹಿ ಹಾಕಿ ಕೈತೊಳೆದುಕೊಂಡೆ. ಅಂತಿಮ ವರದಿ ಸಿಡ್ನಿಯಿಂದ ಹೋಗಬೇಕಿತ್ತು. ಕರ್ನಲ್ ಬೇರೆ ಕೆಲಸಕ್ಕೆ ಮೆಲ್ಬರ್ನ್‌ನಲ್ಲೇ ಉಳಿದ.

ಸಿಡ್ನಿಗೆ ಬಂದವನು ಟೂಂಗಾಬಿಯ ಅಂಗಡಿಯಲ್ಲಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಹೋದೆ. ನನ್ನ ಹೆಂಡತಿ ಧಾರವಾಡದವಳು, ಸಿಹಿ ಕಂಡರೆ ಮೊದಲು ಕಾರಣ ಕೇಳುವವಳು. ಎಲ್ಲ ಹೇಳಿದೆ. ಡ್ರೈವರನ ಕಥೆ ಅವಳಿಗೆ ಮೊದಲಿನಿಂದ ಗೊತ್ತು. ನಾನು ನಿದ್ದೆಯಲ್ಲಿ ಫ್ರೆಂಚ್‌ನಲ್ಲಿ ಕೂಗಿದ್ದನ್ನು ಕೇಳಿದವಳು ಅವಳೇ. ಅವಳು ಜಿಲೇಬಿ ಮುರಿದು ಬಾಯಿಗೆ ಹಾಕಿಕೊಂಡಳು.

"ಸುಳ್ಳಂತೂ ಬರದಿಲ್ಲಲ್ಲ ನೀವು?" ಎಂದಳು.

ಒಂದಕ್ಷರವೂ ಸುಳ್ಳು ಬರೆದಿಲ್ಲ ಎಂದೆ.

"ಹಂಗಾರ ಬಿಡ್ರಿ. ಅವರ ಕರ್ಮ ಅವರು ಉಣ್ಲಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಈ ಸುದ್ದಿಗೆ ನನಗಿಂತ ಹೆಚ್ಚು ಹಕ್ಕಿರುವವಳು ಇನ್ನೊಬ್ಬಳಿದ್ದಾಳೆ ಅನ್ನಿಸಿತು. ಮರುದಿನ ಬೆಳಗಿನ ತಿಂಡಿ ಆದ ಮೇಲೆ ಡ್ರೈವರನ ಹೆಂಡತಿಗೆ ಫೋನ್ ಮಾಡಿದೆ. ಎಲ್ಲವನ್ನೂ ಬಿಡಿಸಿ ಹೇಳುವ ಉದ್ದೇಶವಿರಲಿಲ್ಲ. ನಿನ್ನ ಗಂಡನನ್ನು ಕೊಂದವರಿಗೆ ಆಗಬೇಕಾದದ್ದು ಆಗುತ್ತದೆ, ಇಷ್ಟನ್ನಾದರೂ ಹೇಳಿ ಅವಳ ಹೊಟ್ಟೆ ತಣ್ಣಗಾಗಿಸಬೇಕೆಂದಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ತನ್ನ ಸುದ್ದಿ ಹೇಳಿದಳು. ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹಿರಿಯ ಮಗನಿಗೆ ಕೆಲಸ ಸಿಕ್ಕಿತ್ತು. ಸರ್ಕಾರಿ ಸಂಬಳ, ಮನೆ, ಔಷಧಿ. ತರಬೇತಿ ಮುಗಿಸಿ ಉತ್ತರದ ಗಡಿಯ ಠಾಣೆಗೆ ಹೊರಡುತ್ತಿದ್ದಾನೆ. ಹೊಸ ಜಾಕೆಟ್ ಬರುವವರೆಗೆ ಹಳೆಯದನ್ನೇ ತೊಡಬೇಕಂತೆ, ಹೊಸದು ಆಸ್ಟ್ರೇಲಿಯಾದಿಂದ ಬರುತ್ತದಂತೆ, ನಿಮ್ಮ ದೇಶದ್ದೇ ಅಲ್ಲವೇ ಎಂದಳು.

ಜಾಂಡರ್ಮರಿಯೇ ಎಂದು ಕೇಳಿದೆ. ಹೌದು ಎಂದಳು. ನಿನ್ನ ಗಂಡನನ್ನು ಕೊಂದವರ ಕೈಕೆಳಗೆ ಮಗನನ್ನು ಕಳಿಸುತ್ತಿದ್ದೀಯಾ ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು. ಅವಳು ಕೋಪಿಸಿಕೊಳ್ಳಲಿಲ್ಲ.

"ಅವರಲ್ಲಿ ಒಬ್ಬನಾದರೆ ಅವನನ್ನು ಯಾರೂ ರಸ್ತೆಯಲ್ಲಿ ನಿಲ್ಲಿಸಿ ಹೊಡೆಯುವುದಿಲ್ಲ," ಎಂದಳು. "ಅದಕ್ಕೇ ಸೇರಿಸಿದೆ."

ಆಮೇಲೆ ಫೋನನ್ನು ಮಗನಿಗೆ ಕೊಟ್ಟಳು. ಅವನ ಮಾತು ಅಪ್ಪನ ಮಾತಿನ ಹಾಗೆಯೇ ಇತ್ತು, ವಾಕ್ಯದ ಕೊನೆಗೆ ಸ್ವಲ್ಪ ನಗು. ನಾನು ಬೇರೇನೂ ಮಾತಾಡದೆ, ಹೊಸ ಜಾಕೆಟ್ ಬಂದರೆ ಅದಕ್ಕೆ ಇಸ್ತ್ರಿ ಹಾಕಬೇಡ, ಏನೇ ಆದರೂ ಹಾಕಬೇಡ ಎಂದೆ. ಅವನು ಗಂಭೀರವಾಗಿ ಕೇಳಿಸಿಕೊಂಡ. "ಸರ್, ಹಾಕದಿದ್ದರೆ ನಮ್ಮ ಚೀಫ್ ನನ್ನನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಾರೆ," ಎಂದ.

ಫೋನಿಟ್ಟ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕರ್ನಲ್ ಮೇಲಲ್ಲ, ಆ ತಾಯಿಮಗನ ಮೇಲೆ. ಇಷ್ಟು ವರ್ಷ ಅವರ ಪರವಾಗಿ ಹಗೆಯನ್ನು ಹೊತ್ತುಕೊಂಡು ತಿರುಗಿದವನು ನಾನು; ಅವರು ನೋಡಿದರೆ ಹಗೆಯವರ ಮನೆಯಲ್ಲೇ ಸಂಬಳಕ್ಕೆ ಸೇರಿದ್ದಾರೆ. ಅಡುಗೆಮನೆಯಲ್ಲಿ ನಿಂತು ಹೆಂಡತಿಯ ಮುಂದೆ ಬಾಯಿಗೆ ಬಂದಂತೆ ಬೈದೆ. ಸಾಯಲಿ ಬಿಡು, ಅವನು ಆರಿಸಿಕೊಂಡ ದಾರಿ, ನಾನೇನು ಮಾಡಲಿ ಎಂದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ನನ್ನ ಕೂಗಾಟ ಮುಗಿದ ಮೇಲೆ ಕೈ ಒರೆಸಿಕೊಂಡಳು.

"ನೀವು ಹೇಳಾವ್ರ ಅದೀರಿ ಅಂತ ನನಗ ಗೊತ್ತೈತಿ. ಹೇಳ್ರಿ. ಆದ್ರ ಒಂದು ಮಾತು. ಆ ಹುಡುಗ ಇದ್ದಿದ್ದಿಲ್ಲಂದ್ರ ನೀವು ಹೇಳ್ತಿದ್ದಿಲ್ಲ. ಅದನ್ನ ನೆನಪ ಇಟ್ಕೊಂಡು ಹೋಗ್ರಿ. ಅಲ್ಲಿ ಹೋಗಿ ದೊಡ್ಡ ಮನಷ್ಯಾ ಆಗಬ್ಯಾಡ್ರಿ."

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಒಬ್ಬನನ್ನು ಉಳಿಸಲು ಅವರನ್ನೆಲ್ಲ ಉಳಿಸಬೇಕಾಗಿತ್ತು. ಅವನೊಬ್ಬನಿಗೆ ಬೇರೆ ಜಾಕೆಟ್ ಕಳಿಸುವ ದಾರಿ ಇದ್ದಿದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆ, ಉಳಿದವರ ಮೇಲೆ ಇಸ್ತ್ರಿಪೆಟ್ಟಿಗೆ ಓಡಾಡಲಿ ಎಂದು ಬಿಟ್ಟುಬಿಡುತ್ತಿದ್ದೆ.

ಲ್ಯಾಬ್‌ನ ಮುಖ್ಯಸ್ಥೆಗೆ ವಿಷಯ ಹೇಳಿದೆ, ಡ್ರೈವರನ ಕಥೆ ಬಿಟ್ಟು. ಆಕೆ ನಿಯಮದ ಹೆಂಗಸು. ಗ್ರಾಹಕರು ಕೇಳದ ಪರೀಕ್ಷೆ ನಾವು ಮಾಡುವಂತಿಲ್ಲ, ಕೊಳ್ಳುವವರೇ ಕೇಳಿದರೆ ವರದಿಯನ್ನು ತಡೆಹಿಡಿಯುತ್ತೇನೆ ಎಂದಳು. ಹಾಗಾಗಿ ಕರ್ನಲ್‌ನನ್ನೇ ಕೇಳಬೇಕಾಯಿತು. ಮೆಲ್ಬರ್ನ್‌ನ ಅವನ ಹೋಟೆಲ್‌ಗೆ ಫೋನ್ ಮಾಡಿ, ನಿಮ್ಮ ಸೋಮವಾರದ ಪದ್ಧತಿಗೆ ಈ ಮಾಲು ತಡೆಯುವುದೋ ಇಲ್ಲವೋ ಎಂಬ ಅನುಮಾನವಿದೆ ಎಂದೆ. ಅವನು ಉದ್ದಕ್ಕೂ ಕೇಳಿಸಿಕೊಂಡ. ನನ್ನ ಕಣ್ಣೆದುರಿಗೇ ಮಾಡಿ ತೋರಿಸಿ ಎಂದ. ಮತ್ತೆ ಮೆಲ್ಬರ್ನ್‌ಗೆ ಹೊರಟೆ.

ಜಾಕೆಟ್ ಕಂಪನಿಯ ಮ್ಯಾನೇಜರ್ ಕೆಂಡಾಮಂಡಲವಾದ. ಒಳಗೆ ಪಟ್ಟಿ ಇದೆ, ಓದಲಿಕ್ಕೆ ಬರುವುದಿಲ್ಲವೇ ಎಂದು ಕೇಳಿದ. ಆದರೂ ರೇಂಜ್‌ಗೆ ಬಂದ. ಉಳಿದಿದ್ದ ಜಾಕೆಟ್ಟೊಂದರ ಜೇಬು ಹೊಲಿದು, ರೇಂಜ್‌ನ ವರ್ಕ್‌ಶಾಪಿನಲ್ಲಿದ್ದ ಕರೆಂಟಿನ ಇಸ್ತ್ರಿಪೆಟ್ಟಿಗೆಯಿಂದ ಚೆನ್ನಾಗಿ ಒತ್ತಿ ಗುಂಡು ಹೊಡೆಸಿದೆ. ಜಾಕೆಟ್ ಗುಂಡನ್ನು ಹಿಡಿಯಿತು. ಇನ್ನೊಂದು ಹೊಡೆಸಿದೆ. ಅದನ್ನೂ ಹಿಡಿಯಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿ, ಮುಂದಿನ ಪರೀಕ್ಷೆ ಯಾವುದು, ಉಪ್ಪಿನಕಾಯಿ ಹಾಕಿ ನೋಡುವುದೇ ಎಂದು ಕೇಳಿದ. ಕರ್ನಲ್ ನನ್ನ ಮುಖ ನೋಡಿದ. ಅಲ್ಲಿಗೆ ಬಿಟ್ಟುಬಿಡಲು ನನಗೆ ಎಲ್ಲ ಕಾರಣಗಳೂ ಇದ್ದವು. ಹೇಳುವುದನ್ನು ಹೇಳಿದ್ದೆ, ತೋರಿಸುವುದನ್ನು ತೋರಿಸಿದ್ದೆ.

ಆದರೆ ಆ ಪರೀಕ್ಷೆ ಮೋಸದ ಪರೀಕ್ಷೆಯಾಗಿತ್ತು. ಅವರು ಇಸ್ತ್ರಿ ಹಾಕುವುದು ಹಾಗಲ್ಲ. ಗಂಜಿ ಹಾಕುತ್ತಾರೆ, ಕೆಂಡದ ಪೆಟ್ಟಿಗೆಯನ್ನು ಮೈಭಾರ ಹಾಕಿ ಒತ್ತುತ್ತಾರೆ, ಒದ್ದೆ ಆರುವವರೆಗೂ ಒಂದೇ ಕಡೆ ಇಡುತ್ತಾರೆ. ಅದೂ ಒಂದು ದಿನವಲ್ಲ, ವಾರವಾರ. ನನಗೆ ಎರಡು ದಿನ ಕೊಡಿ ಎಂದು ಕರ್ನಲ್‌ಗೆ ಹೇಳಿದೆ.

ಅಕ್ಕನ ಮನೆಯ ಶೋಕೇಸಿನಲ್ಲಿ ಭಾವನ ತಾಯಿಯ ಕಾಲದ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ ಇತ್ತು. ಗೊಂಬೆಗಳ ಪಕ್ಕದಲ್ಲಿ ತೊಳೆದು ಹೊಳಪು ಮಾಡಿ ಇಟ್ಟಿದ್ದರು. ಕೊಡಿ ಎಂದರೆ ಅಕ್ಕ, "ಅದನ್ನ ಕರ್ರಗ ಮಾಡಿ ತಂದಿ ಅಂದ್ರ ಮನಿ ಒಳಗ ಬರಬ್ಯಾಡ" ಎಂದಳು. ಭಾವ ಮಾತ್ರ ಗ್ಯಾರೇಜಿನಿಂದ ಬಾರ್ಬೆಕ್ಯೂ ಇದ್ದಿಲಿನ ಚೀಲ ತಾವೇ ಎತ್ತಿ ಕಾರಿಗೆ ಹಾಕಿದರು. "ನಮ್ಮಮ್ಮ ಇದರಲ್ಲಿ ನನ್ನ ಕಾಲೇಜಿನ ಪ್ಯಾಂಟ್ ಸುಟ್ಟಿದ್ರು ಕಣಯ್ಯ. ನಿನ್ನ ಕೆಲಸ ಆಗತ್ತೆ, ಯೋಚನೆ ಮಾಡ್ಬೇಡ," ಎಂದರು.

ಎರಡು ದಿನ ರೇಂಜ್‌ನ ವರ್ಕ್‌ಶಾಪಿನಲ್ಲಿ ನಿಂತು ಒಂದೇ ಜಾಕೆಟ್ಟಿಗೆ ಇಸ್ತ್ರಿ ಹಾಕಿದೆ. ಅಕ್ಕಿಗಂಜಿ ಚಿಮುಕಿಸುವುದು, ಒತ್ತುವುದು, ಪೂರ್ತಿ ಆರಲು ಬಿಡುವುದು, ಮತ್ತೆ ಚಿಮುಕಿಸುವುದು. ಒಂದು ಮಳೆಗಾಲದಲ್ಲಿ ಎಷ್ಟು ಸೋಮವಾರ ಬರುತ್ತವೋ ಅಷ್ಟು ಸಲ. ಹೆಂಡತಿ ಫೋನ್ ಮಾಡಿ, ಮದುವೆಯಾದಾಗಿನಿಂದ ಸ್ವಂತ ಅಂಗಿಗೆ ಒಂದು ದಿನ ಇಸ್ತ್ರಿ ಹಾಕಿದವರಲ್ಲ, ಈಗ ನೋಡು ಎಂದು ನಕ್ಕಳು. ನನಗೆ ನಗು ಬರಲಿಲ್ಲ. ತಲೆ ಬಗ್ಗಿಸಿ ಇಸ್ತ್ರಿ ಹಾಕುತ್ತಿದ್ದರೆ ಸುತ್ತ ಏನಾಗುತ್ತಿದೆ ಎಂಬುದು ನಿಜವಾಗಿಯೂ ಗೊತ್ತಾಗುವುದಿಲ್ಲ. ಕೈ ಸುಡದಂತೆ ನೋಡಿಕೊಳ್ಳುವುದರಲ್ಲೇ ಎಲ್ಲ ಗಮನ. ಅದು ಗೊತ್ತಾದದ್ದು ನನಗೇನೂ ಸಮಾಧಾನ ತರಲಿಲ್ಲ. ಬೇವಿನ ಮರದ ಕೆಳಗಿದ್ದವನಿಗೆ ಅಷ್ಟು ಸಣ್ಣ ರಿಯಾಯಿತಿಯನ್ನೂ ಕೊಡುವ ಮನಸ್ಸಿರಲಿಲ್ಲ.

ಹೊರಗಿನಿಂದ ಜಾಕೆಟ್ ಗರಿಗರಿಯಾಗಿ, ಪೆರೇಡಿಗೆ ಹೊರಟ ಹಾಗಿತ್ತು. ಮುಟ್ಟಿದರೆ ಮಾತ್ರ ಎದೆಯ ಭಾಗ ಸ್ವಲ್ಪ ಗಡುಸು. ಮಣ್ಣಿನ ಹದ ನೋಡಿ, ಕಟ್ಟಿ, ಎಲ್ಲರೂ ಗಾಜಿನ ಹಿಂದೆ ನಿಂತೆವು. ರೇಂಜ್ ಆಫೀಸರ್ ಹೊಡೆದ. ವೇಗ ಸರಿಯಾಗಿತ್ತು. ಹೋಗಿ ಜಾಕೆಟ್ ಬಿಚ್ಚಿದೆವು. ಪ್ಯಾನಲ್ಲಿನ ಹಿಂಬದಿಯಲ್ಲಿ ಬಿಳಿ ಎಳೆಗಳು ಹೊರಗೆ ಚಾಚಿದ್ದವು, ಮಣ್ಣಿನೊಳಗೆ ರಂಧ್ರ. ರೇಂಜ್ ಆಫೀಸರ್ ಕಿರುಬೆರಳು ಹಾಕಿದ, ತಳ ಸಿಗಲಿಲ್ಲ. ಎರಡನೆಯದೂ ಹಾಗೇ ಹೋಯಿತು. ಮ್ಯಾನೇಜರ್ ಕುರ್ಚಿ ಹುಡುಕಿ ಕೂತ.

ಕರ್ನಲ್ ಕನ್ನಡಕ ತೆಗೆದು ಆ ರಂಧ್ರವನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. ತನ್ನ ಹುಡುಗರ ಬಗ್ಗೆ ಅವನಿಗೆ ನಿಜವಾದ ಪ್ರೀತಿಯಿತ್ತು. ಅದನ್ನು ನೋಡಿ ನನಗೆ ಕರುಣೆ ಬರಬೇಕಿತ್ತೇನೋ. ಇವರಿಗೆ ತಮ್ಮವರ ಎದೆಯಷ್ಟೇ ಎದೆ, ಉಳಿದವರ ಬೆನ್ನು ಬೆನ್ನಲ್ಲ ಎಂದು ಹೊಟ್ಟೆ ಉರಿಯಿತು. ಭಾರವಾದರೂ ಸರಿ, ಹಳೆಯ ಅರಾಮಿಡ್ ಪ್ಯಾನಲ್ಲೇ ಬೇಕು, ಇಲ್ಲದಿದ್ದರೆ ಆರ್ಡರೇ ಇಲ್ಲ ಎಂದು ಅವನು ಅಲ್ಲೇ ಮ್ಯಾನೇಜರನಿಗೆ ಹೇಳಿದ. ಕಂಪನಿಯ ಬಳಿ ಅದೂ ಇತ್ತು. ಮ್ಯಾನೇಜರ್ ಒಪ್ಪಿದ.

ಆಮೇಲೆ ಕರ್ನಲ್ ನನ್ನ ಹತ್ತಿರ ಬಂದು ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಕಿರಿಯ ಅಧಿಕಾರಿ ಅದನ್ನು ಇಂಗ್ಲಿಷಿಗೆ ತರುವ ಮೊದಲೇ ನನಗೆ ಅರ್ಥವಾಗಿತ್ತು. ನಿಮ್ಮ ದೇಶದ ಗಣಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ್ದೆ, ರಸ್ತೆಯಲ್ಲಿ ಹೋಗುವಾಗ ಒಂದು ಠಾಣೆಯಲ್ಲಿ ನೋಡಿದ್ದೆ ಎಂದು ಫ್ರೆಂಚ್‌ನಲ್ಲೇ ಹೇಳಿದೆ. ಅವನ ಮುಖದಲ್ಲಿ ಎಂಥ ಸಂತೋಷ! ನನ್ನ ಕೈ ಬಿಡಲೇ ಇಲ್ಲ.

"ಹಾಗಾದರೆ ನೀವು ನಮ್ಮವರೇ," ಎಂದ. "ಠಾಣೆಯಲ್ಲಿ ನಮ್ಮ ಹುಡುಗರು ನಿಮ್ಮನ್ನು ಚೆನ್ನಾಗಿ ನೋಡಿಕೊಂಡರು ತಾನೇ?"

ರೇಂಜ್ ಆಫೀಸರ್, ಮ್ಯಾನೇಜರ್, ಕಿರಿಯ ಅಧಿಕಾರಿ ಎಲ್ಲರೂ ನಗುತ್ತಾ ನನ್ನ ಕಡೆ ತಿರುಗಿದರು. ಹೇಳಬೇಕಾದ ವಾಕ್ಯ ವರ್ಷಗಳಿಂದ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಡ್ರೈವರನ ಹೆಸರು, ಊರು, ಆ ಭಾನುವಾರ, ಆಸ್ಪತ್ರೆ. ಅದನ್ನು ಕೇಳಬೇಕಾದ ಕಿವಿ ಒಂದು ಮೊಳ ದೂರದಲ್ಲಿತ್ತು, ಇನ್ನೆಂದೂ ಇಷ್ಟು ಹತ್ತಿರ ಬರುವುದಿಲ್ಲ. ಆದರೆ ಡ್ರೈವರನ ಹೆಸರು ಹೇಳಿದರೆ ಅದೇ ಮನೆತನದ ಹೆಸರಿನ ಹೊಸ ಹುಡುಗನೊಬ್ಬ ಉತ್ತರದ ಠಾಣೆಯಲ್ಲಿ ಇದ್ದಾನೆಂದು ಇವನಿಗೆ ಒಂದೇ ದಿನದಲ್ಲಿ ತಿಳಿಯುತ್ತದೆ.

"ಬಹಳ ಚೆನ್ನಾಗಿ ನೋಡಿಕೊಂಡರು, ಕರ್ನಲ್," ಎಂದೆ.

ಅವನು ನನ್ನ ಬೆನ್ನು ತಟ್ಟಿದ. ಆ ಮಾತನ್ನು ನನ್ನ ಬಾಯಿಂದ ಹೇಳಿಸಿದ್ದಕ್ಕೆ ಆ ಹುಡುಗನನ್ನು ನಾನು ಇನ್ನೂ ಕ್ಷಮಿಸಿಲ್ಲ.